ಶ್ರುತಿ ಹಿಡಿದವರ ಪಾಲು

ನಮ್ಮೂರಿನ ಹೆಸರು ತಂಬೂರ. ತಂಬೂರಿಗೆ ಸಾಮಾನ್ಯವಾಗಿ ನಾಲ್ಕು ತಂತಿಗಳು. ಪಾಶ್ಚಾತ್ಯರ ಚೆಲ್ಲೋ ವಾದ್ಯಕ್ಕೂ ನಾಲ್ಕೇ. ಅಲ್ಲಿಯೂ ಇಲ್ಲಿಯೂ ಶ್ರುತಿಗೆ ಪಂಚಮದ ಸಂವಾದವೇ ಆಧಾರವು. ಆದರೆ ಧರ್ಮವು ಬೇರೆ: ತಂಬೂರಿಯು ಶ್ರುತಿ ಹಿಡಿಯುವದು, ಚೆಲ್ಲೋ ಹಾಡುವದು. ಹಾಗಾದರೆ ಹಿಡಿದವನಿಗೆ ಕೀರ್ತಿಯಲ್ಲಿ ಪಾಲುಂಟೋ ಇಲ್ಲವೋ?

ದ್ವೊರ್ಝಾಕನೆಂಬವನು 1895ರಲ್ಲಿ ಪೂರೈಸಿದ ಚೆಲ್ಲೋ ಕೃತಿಯನ್ನು ನೋಡಿರಿ. ಮೊದಲು ವಾದ್ಯವೃಂದವು ನುಡಿಯುವದು, ಚೆಲ್ಲೋ ಸುಮ್ಮನೆ ಕಾಯುವದು. ಬಳಿಕ ಚೆಲ್ಲೋ ತೊಡಗಲು ವೃಂದವು ದನಿ ತಗ್ಗಿಸುವದು. 1950ನೆಯ ಮೇ 22ರಂದು ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕಡೆಯ ನಾಲ್ಕು ಗೀತಗಳು ಮೊದಲ ಸಲ ವೃಂದದೊಡನೆ ಕೇಳಿಬಂದವು. ಅದಕ್ಕೆ ಹಣದ ಹೊಣೆ ಹೊತ್ತವರು ಮೈಸೂರಿನ ಜಯಚಾಮರಾಜೇಂದ್ರ ಒಡೆಯರು. ರಚಿಸಿದವನೋ ಹಿಂದಿನ ವರುಷವೇ ತೀರಿದ್ದನು. ಸಭೆಯ ಕಣ್ಣಿಗೆ ಬಿದ್ದವರು ಮಾತ್ರವೇ ಆ ಗಾನದ ಕರ್ತೃಗಳಲ್ಲವೆಂಬುದು ಇದರಿಂದ ಸಿದ್ಧವಾಯಿತು. ಪಾಲು ಉಂಟು.

ಆದರೆ ಈ ಮಾತನ್ನೇ ನೆವಮಾಡಿ, "ನೀನು ಹಿಂದೆಯೇ ಇರು, ಅದೇ ನಿನಗೆ ಪುಣ್ಯ" ಎಂದು ಪರರಿಗೆ ವಿಧಿಸುವದು ಅಧರ್ಮವು. ಗುರುವಿನ ಹಿಂದೆ ತಂಬೂರಿ ಹಿಡಿಯುವದು ಶಿಷ್ಯನಿಗೆ ವ್ರತ. ಆದರೆ ಅವನು ಹಾಡುವ ದಿನವೂ ಬರಬೇಕು. ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತ ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಮುಂದೆ ತಾವೇ ಸಭೆಗಳನ್ನು ತುಂಬಿದರು. ತಾನಾಗಿ ತಗ್ಗಿದ ದನಿಯು ಸಂಯಮ; ಅನ್ಯರು ತಗ್ಗಿಸಿದ್ದು ಮೂಕತನ. ನಮ್ಮ ಮನೆಗಳಲ್ಲಿ ಹೆಂಗಸರೂ ಕಿರಿಯರೂ ಜನ್ಮವೆಲ್ಲ ಶ್ರುತಿಯನ್ನೇ ಹಿಡಿದು ಕುಳಿತಿಲ್ಲವಷ್ಟೆ? ಹಿರಿಯರಾದವರು ಇದನ್ನು ಮೊದಲು ವಿಚಾರಿಸಬೇಕು.