ಅಗ್ಗದ ಕನ್ನಡಿಗೂ ಒಂದು ಚೌಕಟ್ಟು

ಪೇಟೆಯಲ್ಲಿ ನೂರಿನ್ನೂರು ರೂಪಾಯಿಗೆ ಕೊಯ್ಸಿ ತಂದ ಬರಿಗಾಜಿನ ಕನ್ನಡಿಗೆ ಮರದ ಚೌಕಟ್ಟು ಕಟ್ಟಲು ಕೂತವರಿಗೆ ಮೊದಲು ಎದುರಾಗುವುದು ಲೆಕ್ಕ. ಮರ, ಅಂಟು, ಪಾಲಿಶು, ಅರ್ಧ ದಿನದ ದುಡಿಮೆ ಎಲ್ಲ ಕೂಡಿಸಿದರೆ ಚೌಕಟ್ಟಿನ ಖರ್ಚು ಕನ್ನಡಿಯದನ್ನು ಸುಲಭವಾಗಿ ಮೀರುತ್ತದೆ. ಇಷ್ಟು ಅಗ್ಗದ ವಸ್ತುವಿಗೆ ಇಷ್ಟೆಲ್ಲ ಯಾಕೆ, ಒಡೆದರೆ ಇನ್ನೊಂದು ತಂದರಾಯಿತು ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಮೇಲ್ನೋಟಕ್ಕೆ ಇದು ಜಾಣತನದ ಮಾತು. ಆದರೆ ಅದರ ಅಡಿಯಲ್ಲಿ ಧರ್ಮದ ಪ್ರಶ್ನೆಯೊಂದಿದೆ. ಒಂದು ವಸ್ತುವಿಗೆ ಎಷ್ಟು ಶ್ರದ್ಧೆ ಸಲ್ಲಬೇಕು ಎಂಬುದನ್ನು ನಿರ್ಧರಿಸುವುದು ಅದರ ಬೆಲೆಯೋ, ಅದರ ಅಗತ್ಯವೋ? ಅಗತ್ಯವೇ ಎಂಬುದು ನನ್ನ ವಾದ. ಬೆಲೆ ನೋಡಿ ಶ್ರದ್ಧೆಯನ್ನು ಹೆಚ್ಚು ಕಡಿಮೆ ಮಾಡುವವರು ತಮಗೇ ತಿಳಿಯದಂತೆ ಪೇಟೆಯನ್ನು ದೇವರ ಪೀಠದಲ್ಲಿ ಕೂರಿಸಿರುತ್ತಾರೆ.

ಗಾಜಿನಿಂದಲೇ ಶುರುಮಾಡೋಣ. ಕೊಯ್ದ ಗಾಜಿನ ಬಲಹೀನತೆ ಇರುವುದು ಅದರ ಅಂಚಿನಲ್ಲಿ. ಕೊಯ್ಯುವಾಗ ಅಲ್ಲಿ ಕಣ್ಣಿಗೆ ಕಾಣದ ಸಣ್ಣ ಸೀಳುಗಳು ಉಳಿಯುತ್ತವೆ. ಗಾಜು ಒಡೆಯುವುದು ಸಾಮಾನ್ಯವಾಗಿ ಅಲ್ಲಿಂದಲೇ. ಹಿಂಬದಿಯ ಬೆಳ್ಳಿಯ ಲೇಪ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ತೆಳು. ಅದರ ಮೇಲೆ ಬಣ್ಣದ ರಕ್ಷಣೆ ಇದ್ದರೂ ಅಂಚಿನಲ್ಲಿ ಅದು ತೆರೆದೇ ಇರುತ್ತದೆ. ತೇವ ಹೊಕ್ಕರೆ ಕನ್ನಡಿ ಅಂಚಿನಿಂದ ಒಳಕ್ಕೆ ಕಪ್ಪಾಗುತ್ತ ಬರುತ್ತದೆ. ಆದ್ದರಿಂದ ಚೌಕಟ್ಟು ಬರೀ ಅಲಂಕಾರವಲ್ಲ. ಪಟ್ಟಿಯ ಒಳಅಂಚಿನಲ್ಲಿ ಕೊರೆದ ಮೆಟ್ಟಿಲಿನಲ್ಲಿ ಗಾಜು ಕೂರುತ್ತದೆ, ಅದರ ದುರ್ಬಲ ಅಂಚು ಮರದ ಮರೆಗೆ ಸೇರುತ್ತದೆ. ಮರ ಮಳೆಗಾಲದಲ್ಲಿ ಎಳೆಗೆ ಅಡ್ಡಲಾಗಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಗಾಜು ಹಾಗೆ ಹಿಗ್ಗಿ ಕುಗ್ಗುವುದಿಲ್ಲ. ಹಾಗಾಗಿ ಸುತ್ತ ಒಂದೆರಡು ಮಿಲಿಮೀಟರು ಸಡಿಲ ಬಿಡಬೇಕು. ಮೆಟ್ಟಿಲಿನ ಒಳಮೈಗೆ ಕಪ್ಪು ಬಣ್ಣ ಬಳಿಯಬೇಕು, ಇಲ್ಲವಾದರೆ ಬರಿ ಮರದ ಬಿಳುಪು ಕನ್ನಡಿಯ ಅಂಚಿನಲ್ಲಿ ಪ್ರತಿಫಲಿಸಿ ಎದ್ದು ಕಾಣುತ್ತದೆ. ಈ ಒಂದೊಂದು ಕೆಲಸವೂ ಗಾಜಿನ ಸ್ವಭಾವದಿಂದ ಹುಟ್ಟಿದ್ದು. ಅರಮನೆಯ ಕನ್ನಡಿಗೂ ಬಚ್ಚಲುಮನೆಯ ಕನ್ನಡಿಗೂ ಈ ಬೇಡಿಕೆಗಳು ಒಂದೇ. ಅಂಚಿನ ಸೀಳಿಗೆ ತನ್ನ ಗಾಜಿನ ಬೆಲೆ ಗೊತ್ತಿಲ್ಲ.

ಬೆಲೆಯಾದರೂ ಎಂಥದ್ದು? 17ನೆಯ ಶತಮಾನದ ಯುರೋಪಿನಲ್ಲಿ ದೊಡ್ಡ ಕನ್ನಡಿಯೆಂದರೆ ರಾಜವೈಭವ. ವೆನಿಸಿನ ಗಾಜುಗಾರರು ಕಾಪಾಡಿಕೊಂಡಿದ್ದ ಗುಟ್ಟನ್ನು ಪಡೆದುಕೊಳ್ಳಲು ಫ್ರಾನ್ಸಿನ ಮಂತ್ರಿ ಕೋಲ್ಬೇರ್ ಅವರಲ್ಲಿ ಕೆಲವರನ್ನು ಪ್ಯಾರಿಸಿಗೆ ಕರೆಸಿಕೊಂಡ. ವರ್ಸೇಯ ಅರಮನೆಯಲ್ಲಿ 1684ರಲ್ಲಿ ಮುಗಿದ ಕನ್ನಡಿಗಳ ಸಭಾಂಗಣದಲ್ಲಿ 17 ಕಮಾನುಗಳಿಗೆ 357 ಕನ್ನಡಿ ಜೋಡಿಸಿ ಲೋಕವನ್ನು ಬೆರಗುಗೊಳಿಸಿದರು. ಅವು ತವರ ಮತ್ತು ಪಾದರಸದ ಲೇಪದವು. ಅದನ್ನು ಬಳಿಯುತ್ತಿದ್ದವರ ಆರೋಗ್ಯವನ್ನು ಪಾದರಸದ ಹಬೆ ತಿನ್ನುತ್ತಿತ್ತು. 1835ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ ಗಾಜಿಗೆ ಬೆಳ್ಳಿ ಲೇಪಿಸುವ ವಿಧಾನ ಕಂಡುಕೊಂಡ. 1959ರಲ್ಲಿ ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ, ಕರಗಿದ ತವರದ ಮೇಲೆ ಕರಗಿದ ಗಾಜನ್ನು ತೇಲಿಬಿಟ್ಟು ಉಜ್ಜದೆಯೇ ಸಮತಟ್ಟಾದ ಹಾಳೆ ಮಾಡುವ ವಿಧಾನವನ್ನು ಪ್ರಕಟಿಸಿತು. ಇಂದಿನ ಅಗ್ಗದ ಕನ್ನಡಿ ಅದರ ಮಗು. ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ ಮುಖ ನೋಡಿಕೊಂಡ ಕನ್ನಡಿಗಿಂತ ಅದು ಹೆಚ್ಚು ಸಮತಟ್ಟು, ಹೆಚ್ಚು ನಿಚ್ಚಳ. ವಸ್ತು ಉತ್ತಮವಾಗುತ್ತ ಹೋದಂತೆ ಬೆಲೆ ಇಳಿಯುತ್ತ ಬಂತು. ಬೆಲೆ ಹೇಳುವುದು ಆ ವಸ್ತು ಈ ಕಾಲದಲ್ಲಿ ಎಷ್ಟು ಸುಲಭವಾಗಿ ಸಿಗುತ್ತದೆ ಎಂಬುದನ್ನು ಮಾತ್ರ. ಅದರಿಂದ ನಮ್ಮ ಕರ್ತವ್ಯವನ್ನು ಅಳೆಯಹೊರಟರೆ, ಕಾರ್ಖಾನೆಯ ಯಂತ್ರ ಬದಲಾದಾಗಲೆಲ್ಲ ಧರ್ಮವೂ ಬದಲಾಗಬೇಕಾದೀತು.

ಕನ್ನಡದ ಶರಣರು ಈ ವಿಷಯವನ್ನು 12ನೆಯ ಶತಮಾನದಲ್ಲೇ ಇತ್ಯರ್ಥ ಮಾಡಿದ್ದರು. ನುಲಿಯ ಚಂದಯ್ಯ ಕೆರೆಯಂಚಿನ ಹುಲ್ಲು ಕೊಯ್ದು ಹಗ್ಗ ಹೊಸೆಯುತ್ತಿದ್ದವನು. ಹುಲ್ಲಿನ ಹಗ್ಗಕ್ಕಿಂತ ಅಗ್ಗದ ಸರಕು ಯಾವುದಿದೆ? ಆದರೂ ಹುಲ್ಲು ಕೊಯ್ಯುವಾಗ ಇಷ್ಟಲಿಂಗವೇ ಜಾರಿ ನೀರಿಗೆ ಬಿದ್ದರೂ ಅವನು ಕಾಯಕ ಬಿಡಲಿಲ್ಲ ಎನ್ನುತ್ತದೆ ಶರಣರ ಕಥೆ. ಆಯ್ದಕ್ಕಿ ಮಾರಯ್ಯ ಅಂದಿನ ದಾಸೋಹಕ್ಕೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅವನ ಹೆಂಡತಿ ಲಕ್ಕಮ್ಮ ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳು. ಎರಡೂ ಕಥೆಗಳಲ್ಲಿ ಅಳತೆಗೋಲು ಒಂದೇ. ಕೆಲಸದ ಘನತೆಯನ್ನು ಹಗ್ಗದ ಬೆಲೆ ಇಳಿಸಲಾರದು. ದುಡಿಮೆಯ ಮಿತಿಯನ್ನು ಹೆಚ್ಚಿನ ಅಕ್ಕಿಯ ಆಸೆ ಹಿಗ್ಗಿಸಲಾರದು. ಎಷ್ಟು ಬೇಕು ಎಂಬುದೇ ಅಲ್ಲಿ ಮಾತು. ಇದರಿಂದ ಚೌಕಟ್ಟಿಗೂ ಒಂದು ಮಿತಿ ಸಿಗುತ್ತದೆ. ಅಗತ್ಯವೇ ಅಳತೆಯಾದರೆ ಸರಳವಾದ ನಾಲ್ಕು ಪಟ್ಟಿ ಸಾಕು, ಕೆತ್ತನೆಯ ಬಳ್ಳಿ ಬೇಕಿಲ್ಲ. ಆದರೆ ಆ ನಾಲ್ಕು ಪಟ್ಟಿಗಳ ಎಂಟು ಓರೆಕೊಯ್ತಗಳಲ್ಲಿ ಒಂದೊಂದರಲ್ಲೂ ಅರ್ಧ ಡಿಗ್ರಿ ಒಂದೇ ದಿಕ್ಕಿಗೆ ತಪ್ಪಿದರೆ, ಕೊನೆಯ ಮೂಲೆಯಲ್ಲಿ ನಾಲ್ಕು ಡಿಗ್ರಿಯ ಬಿರುಕು ಬಾಯಿಬಿಡುತ್ತದೆ. ಸರಳತೆ ಉದಾಸೀನಕ್ಕೆ ಕೊಟ್ಟ ರಿಯಾಯಿತಿಯಲ್ಲ. ಮುಚ್ಚಿಕೊಳ್ಳಲು ಅಲಂಕಾರವೂ ಇಲ್ಲದ್ದರಿಂದ ಅದು ಹೆಚ್ಚೇ ನಿಷ್ಠೆ ಕೇಳುತ್ತದೆ.

ನಮ್ಮ ಪೂಜಾವಿಧಿಯಲ್ಲಿಯೇ ಈ ತತ್ತ್ವಕ್ಕೆ ಇನ್ನೊಂದು ಸಾಕ್ಷಿಯಿದೆ. ಕಲ್ಲಿನ ಅಥವಾ ಲೋಹದ ಮೂರ್ತಿಗೆ ಅಭಿಷೇಕ ನೇರವಾಗಿ ನಡೆಯುತ್ತದೆ. ಮಣ್ಣಿನ ಮೂರ್ತಿ ನೀರು ತಾಳದು, ಚಿತ್ರಪಟವೂ ತಾಳದು. ಆಗ ಎದುರಿಗೊಂದು ಕನ್ನಡಿ ಇಟ್ಟು, ಅದರಲ್ಲಿ ಮೂಡಿದ ಬಿಂಬಕ್ಕೆ ಅಭಿಷೇಕ ಮಾಡುವ ಪದ್ಧತಿ ಬೆಳೆದುಬಂತು. ಮಣ್ಣು ಅಗ್ಗ, ಆದ್ದರಿಂದ ಅದಕ್ಕೆ ಸ್ನಾನವೇ ಬೇಡ ಎಂದು ಶಾಸ್ತ್ರ ಹೇಳಲಿಲ್ಲ. ಕರಗಿದರೆ ಕರಗಲಿ ಎಂದೂ ಹೇಳಲಿಲ್ಲ. ಮಣ್ಣಿನ ದೌರ್ಬಲ್ಯಕ್ಕೆ ವಿಧಿಯೇ ತಲೆಬಾಗಿ, ತನ್ನ ದಾರಿಯನ್ನು ಬದಲಿಸಿಕೊಂಡಿತು. ನಾಲ್ಕಾರು ದಿನ ಇದ್ದು ನೀರಿಗೆ ಹೋಗಲಿರುವ ಮೂರ್ತಿಗೆ ಸಿಗುವ ಈ ಗೌರವದಲ್ಲಿ ಶ್ರದ್ಧೆಯ ನಿಜವಾದ ವ್ಯಾಕರಣವಿದೆ. ಯಾವುದು ಎಲ್ಲಿ ಮುರಿಯಬಲ್ಲದು ಎಂದು ಮೊದಲು ತಿಳಿದುಕೊಂಡು, ಅಲ್ಲಿಗೆ ಕೈ ಅಡ್ಡ ಹಿಡಿಯುವುದೇ ಶ್ರದ್ಧೆ.

ಇದಕ್ಕೆ ಗಟ್ಟಿಯಾದ ಆಕ್ಷೇಪಗಳಿವೆ. ಮನುಷ್ಯನ ಸಮಯ ಮಿತ. ಕಂಡ ಕಂಡ ಅಗ್ಗದ ವಸ್ತುವಿಗೆಲ್ಲ ಅರ್ಧ ದಿನ ಕೊಟ್ಟರೆ ದೊಡ್ಡ ಕೆಲಸಗಳ ಗತಿಯೇನು ಎಂಬುದು ಮೊದಲನೆಯದು. ಇದರಲ್ಲಿ ಸತ್ಯವಿದೆ. ಹಸಿದವರು ಬಾಗಿಲಲ್ಲಿರುವಾಗ ಚೌಕಟ್ಟಿನ ಮೂಲೆ ಉಜ್ಜುತ್ತ ಕೂರುವುದು ಅಧರ್ಮವೇ. ಆದರೆ ಗಮನಿಸಿ, ಇಲ್ಲಿ ಚೌಕಟ್ಟನ್ನು ಹಿಂದಕ್ಕೆ ತಳ್ಳುವುದು ಕನ್ನಡಿಯ ಬೆಲೆಯಲ್ಲ, ಹಸಿದವರ ಹೆಚ್ಚಿನ ಅಗತ್ಯ. ಕನ್ನಡಿ ಲಕ್ಷ ರೂಪಾಯಿಯದಾಗಿದ್ದರೂ ಆ ಕ್ಷಣದಲ್ಲಿ ಅದು ಕಾಯಬೇಕು. ಸಮಯ ಮಿತವಾದ್ದರಿಂದ ಆಯ್ಕೆ ಮಾಡಲೇಬೇಕು ನಿಜ. ಆ ಆಯ್ಕೆಯನ್ನು ಅಗತ್ಯದ ಮೇಲೆ ಮಾಡಬೇಕು ಎಂಬುದಷ್ಟೇ ನನ್ನ ಒತ್ತಾಯ.

ಎರಡನೆಯ ಆಕ್ಷೇಪ ವಿರಕ್ತರದು. ಕನ್ನಡಿ ಅಹಂಕಾರದ ಸಾಧನ, ಅದಕ್ಕೆ ಚೌಕಟ್ಟು ಕಟ್ಟುವುದೆಂದರೆ ಮುಖಮೋಹಕ್ಕೆ ಮಂಟಪ ಕಟ್ಟಿದಂತೆ ಎನ್ನುತ್ತಾರೆ ಅವರು. ಆದರೆ ಗಾಜಿಗೆ ತನ್ನದೇ ಆದ ಉದ್ದೇಶವಿಲ್ಲ. ಮದುವೆಯಲ್ಲಿ ಕಳಸಗಿತ್ತಿಯ ಕೈಯಲ್ಲಿ ಕಳಸದ ಜೊತೆಗಿರುವ ಕನ್ನಡಿ ಮಂಗಳದ ಗುರುತು. 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ ನಾರಾಯಣ ಗುರುಗಳು, 1927ರಲ್ಲಿ ಕೇರಳದ ಕಳವಂಕೋಡದಲ್ಲಿ ವಿಗ್ರಹದ ಜಾಗದಲ್ಲಿ ಕನ್ನಡಿಯನ್ನೇ ಪ್ರತಿಷ್ಠಾಪಿಸಿದರು. ಜಾತಿಯ ಕಾರಣಕ್ಕೆ ಗುಡಿಯ ಹೊರಗೆ ನಿಲ್ಲಿಸಲ್ಪಟ್ಟಿದ್ದ ಜನ ಗರ್ಭಗುಡಿಯ ಕಡೆ ನೋಡಿದಾಗ ಅಲ್ಲಿ ತಮ್ಮನ್ನೇ ಕಂಡರು. ತಾನು ಕೀಳು ಎಂದು ನಂಬಿಸಲ್ಪಟ್ಟವನಿಗೆ ತನ್ನ ಮುಖವನ್ನು ನೇರವಾಗಿ ನೋಡುವುದು ಅಹಂಕಾರವಲ್ಲ, ಬಿಡುಗಡೆ. ನೋಟ ಯಾವುದಾಗಬೇಕೆಂಬುದು ನೋಡುವವರ ಹೊಣೆ. ಗಾಜನ್ನು ಕಾಪಾಡುವುದು ಚೌಕಟ್ಟು ಕಟ್ಟುವವರ ಹೊಣೆ.

ಮೂರನೆಯದು ವೇದಾಂತಿಯ ಆಕ್ಷೇಪ, ಎಲ್ಲಕ್ಕಿಂತ ಆಳವಾದದ್ದು. ಶಂಕರರ ಹೆಸರಿನಲ್ಲಿರುವ ದಕ್ಷಿಣಾಮೂರ್ತಿ ಸ್ತೋತ್ರ ಜಗತ್ತನ್ನೇ ಕನ್ನಡಿಯೊಳಗೆ ಕಂಡ ನಗರಕ್ಕೆ ಹೋಲಿಸುತ್ತದೆ. ನಾಮರೂಪಗಳೇ ಬಿಂಬವೆಂದ ಮೇಲೆ, ಒಡೆದು ಹೋಗುವ ಗಾಜಿನ ಮೇಲೆ ಇಷ್ಟು ಕಾಳಜಿ ಮೋಹವಲ್ಲವೇ? ಇದಕ್ಕೆ ಉತ್ತರ ಚೌಕಟ್ಟಿನ ಹಿಂಬದಿಯಲ್ಲಿದೆ. ತಿಳಿದ ಬಡಗಿ ಗಾಜನ್ನು ಮರಕ್ಕೆ ಅಂಟಿಸುವುದಿಲ್ಲ. ಹಿಂದೆ ತೆಳುವಾದ ಹಲಗೆ ಇಟ್ಟು, ಸಣ್ಣ ಮೊಳೆಗಳಿಂದಲೋ ತಿರುಗಿಸುವ ಪಟ್ಟಿಗಳಿಂದಲೋ ಹಿಡಿಸುತ್ತಾನೆ. ಒಂದು ದಿನ ಈ ಗಾಜು ಒಡೆಯುತ್ತದೆ, ಆಗ ಅದನ್ನು ತೆಗೆದು ಬೇರೆಯದನ್ನು ಕೂರಿಸಬೇಕು ಎಂಬುದು ಕಟ್ಟುವ ದಿನವೇ ಅವನ ಲೆಕ್ಕದಲ್ಲಿರುತ್ತದೆ. ಮೋಹಕ್ಕೆ ಈ ಲೆಕ್ಕ ಗೊತ್ತಿಲ್ಲ. ತನ್ನದು ಎಂದೂ ಒಡೆಯದು ಎಂದೇ ಅದು ನಂಬುತ್ತದೆ, ಅಂಟಿಸಿಬಿಡಲು ಹವಣಿಸುತ್ತದೆ. ಅನಿತ್ಯವನ್ನು ಅನಿತ್ಯವೆಂದು ತಿಳಿದು, ಇರುವಷ್ಟು ದಿನ ಅದನ್ನು ಸರಿಯಾಗಿ ಹಿಡಿದು, ಹೋಗುವ ದಿನ ಬಿಟ್ಟುಕೊಡಲು ಸಿದ್ಧವಾಗಿರುವುದು ವೈರಾಗ್ಯಕ್ಕೆ ವಿರುದ್ಧವಲ್ಲ. ಕೈಯಲ್ಲಿ ಕೆಲಸವಿರುವ ವೈರಾಗ್ಯ ಅದೇ. ಜಗತ್ತು ಮಿಥ್ಯೆ ಎಂಬ ಮಾತನ್ನು ಉದಾಸೀನಕ್ಕೆ ನೆಪ ಮಾಡಿಕೊಂಡವರು, ತಮ್ಮ ಊಟದ ತಟ್ಟೆಯ ವಿಷಯದಲ್ಲಿ ಮಾತ್ರ ಆ ಮಾತನ್ನು ಪಾಲಿಸುವುದು ಕಾಣೆ.

ಈ ವಾದ ಕನ್ನಡಿಯಲ್ಲಿ ಮುಗಿಯುವುದಿಲ್ಲ. ವಸ್ತುಗಳ ವಿಷಯದಲ್ಲಿ ರೂಢಿಯಾದ ಅಳತೆ ಮನುಷ್ಯರ ವಿಷಯಕ್ಕೂ ನುಸುಳುತ್ತದೆ. ಶುಲ್ಕ ಕಡಿಮೆಯೆಂದು ಪಾಠದಲ್ಲಿ ಉದಾಸೀನ, ಸಾಮಾನ್ಯ ವಾರ್ಡಿನ ಹಾಸಿಗೆಯೆಂದು ಶುಶ್ರೂಷೆಯಲ್ಲಿ ಉದಾಸೀನ, ಕೂಲಿ ಕಡಿಮೆಯವರೆಂದು ಮಾತಿನಲ್ಲಿ ಉದಾಸೀನ. ಇವೆಲ್ಲ ಒಂದೇ ತರ್ಕದ ಕವಲುಗಳು: ಅಗ್ಗವಾದದ್ದಕ್ಕೆ ಇಷ್ಟು ಸಾಕು. ಆ ತರ್ಕವನ್ನು ಮುರಿಯುವ ಅಭ್ಯಾಸ ದೊಡ್ಡ ಪ್ರವಚನಗಳಿಂದ ಬರುವುದಿಲ್ಲ. ಎದುರಿಗಿರುವುದಕ್ಕೆ ಏನು ಬೇಕು ಎಂದು ಕೇಳಿ, ಬೆಲೆಯ ಚೀಟಿಯನ್ನು ನೋಡದೆ ಅಷ್ಟನ್ನು ಮಾಡುವ ಕೈಗಳಿಂದ ಬರುತ್ತದೆ. ಅಗ್ಗದ ಕನ್ನಡಿಯ ಚೌಕಟ್ಟು ಆ ಅಭ್ಯಾಸಕ್ಕೆ ಯೋಗ್ಯವಾದ ಪಾಠಶಾಲೆ. ಅಲ್ಲಿ ಹೊಗಳುವವರಿಲ್ಲ, ಲಾಭವಿಲ್ಲ, ಮೂಲೆ ಸರಿಯಾಗಿ ಕೂಡಿತೋ ಇಲ್ಲವೋ ಎಂಬುದೊಂದೇ ಪರೀಕ್ಷೆ. ಬೆಲೆಯಿಲ್ಲದ್ದರ ಮುಂದೆ ಶ್ರದ್ಧೆ ಉಳಿಸಿಕೊಂಡವರ ಭಕ್ತಿಯನ್ನು ಮಾತ್ರ, ದೇವರ ಮುಂದೆಯೂ ಅದು ವ್ಯಾಪಾರವಲ್ಲ ಎಂದು ನಂಬಬಹುದು.