ಒತ್ತೆಯನ್ನು ಬಿಡಿಸಿದ ಬಂಧುವು



ಒತ್ತೆ ಎಂಬ ಮಾತಿನ ಭಾರವನ್ನು ತಿಳಿಯದ ಮನೆಯು ನಮ್ಮ ಹಳ್ಳಿಗಳಲ್ಲಿ ಅಪರೂಪ. ಮಳೆ ತಪ್ಪಿದ ವರುಷದಲ್ಲಿ ಬಿತ್ತನೆಯ ಬೀಜಕ್ಕೋಸ್ಕರ ಮನೆಯಾಕೆಯ ಕಿವಿಯ ಓಲೆಯು ಸಾಹುಕಾರನ ಪೆಟ್ಟಿಗೆಯನ್ನು ಸೇರುತ್ತದೆ. ಮದುವೆಯ ಖರ್ಚಿಗೋಸ್ಕರ ಹೊಲದ ಪತ್ರವು ಅದರ ಹಿಂದೆಯೇ ಹೋಗುತ್ತದೆ. ಓಲೆಯು ಅವಳದೇ, ಆದರೂ ಅವಳ ಕೈಯಲ್ಲಿಲ್ಲ. ಅವಳು ಅತ್ತರೂ ಅದು ಬಾರದು, ಬೇಡಿಕೊಂಡರೂ ಬಾರದು. ಯಾರಾದರೂ ಬೆಲೆ ತೆತ್ತು ಬಿಡಿಸಿ ತಂದರೆ ಮಾತ್ರ ಅದು ಮನೆಗೆ ಬರುವದು. ಸತ್ಯವೇದವು ವಿಮೋಚನೆ ಎಂದು ಹೇಳುವಾಗ ಈ ಸಂಗತಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತದೆ.

ವಿಮೋಚನೆ ಅಂದರೇನೆಂದು ಸಭೆಯವರನ್ನು ಕೇಳಿದರೆ, ಪಾಪದ ಶಿಕ್ಷೆಯು ತಪ್ಪಿ ಸತ್ತ ಮೇಲೆ ಪರಲೋಕಕ್ಕೆ ಸೇರುವದೇ ಎಂದು ಅನೇಕರು ಉತ್ತರ ಕೊಡುವರು. ಅದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಮೋಶೆಯ ಎರಡನೆಯ ಪುಸ್ತಕಕ್ಕೆ ನಮ್ಮ ಭಾಷೆಯಲ್ಲಿ ವಿಮೋಚನಕಾಂಡ ಎಂದೇ ಹೆಸರು. ಐಗುಪ್ತದಲ್ಲಿ ಮಣ್ಣು ತುಳಿದು ಇಟ್ಟಿಗೆ ಮಾಡುತ್ತಿದ್ದ ಜನರನ್ನು ದೇವರು ಫರೋಹನ ಕೈಯಿಂದ ಬಿಡಿಸಿದನು. ಬಿಡಿಸಿ ಅವರನ್ನು ಅಡವಿಯಲ್ಲಿ ದಿಕ್ಕಿಲ್ಲದವರಾಗಿ ಬಿಡದೆ ತನ್ನ ಸ್ವಂತ ಜನರನ್ನಾಗಿ ಮಾಡಿಕೊಂಡನು. ಆದ್ದರಿಂದ ಒಬ್ಬನ ಹಿಡಿತದಿಂದ ಹೊರಗೆ ಬರುವದೂ ಮತ್ತೊಬ್ಬನ ಮನೆಯವರಾಗುವದೂ ಕೂಡಿಯೇ ವಿಮೋಚನೆ. ಇದನ್ನು ನಾವು ಮೂರು ಭಾಗಗಳಾಗಿ ಆಲೋಚಿಸೋಣ.

ಮೊದಲನೆಯದಾಗಿ, ಬಿಡಿಸುವವನು ಬಂಧುವಾಗಿರಬೇಕು. ಯಾಜಕಕಾಂಡದ 25ನೆಯ ಅಧ್ಯಾಯದಲ್ಲಿ ಇಸ್ರಾಯೇಲ್ಯರಿಗೆ ಕೊಟ್ಟ ಕಟ್ಟಳೆಯನ್ನು ನೋಡಿರಿ. ಬಡತನದಿಂದ ಒಬ್ಬನು ತನ್ನ ಭೂಮಿಯನ್ನು ಮಾರಿದರೆ ಅವನ ಸಮೀಪಬಂಧುವು ಬಂದು ಅದನ್ನು ಬಿಡಿಸಬೇಕು. ಅವನು ತನ್ನನ್ನೇ ಪರದೇಶದವನಿಗೆ ಮಾರಿಕೊಂಡರೆ ಅಣ್ಣತಮ್ಮಂದಿರಾಗಲಿ ಚಿಕ್ಕಪ್ಪ ದೊಡ್ಡಪ್ಪಂದಿರಾಗಲಿ ಅವರ ಮಕ್ಕಳಾಗಲಿ, ಜೂಬಿಲಿ ಸಂವತ್ಸರಕ್ಕೆ ಉಳಿದ ವರುಷಗಳನ್ನು ಲೆಕ್ಕ ಮಾಡಿ, ಅದಕ್ಕೆ ತಕ್ಕ ಕ್ರಯವನ್ನು ಕೊಟ್ಟು ಬಿಡಿಸಬಹುದು. ದಾರಿಯಲ್ಲಿ ಹೋಗುವವನ ಮೇಲೆ ಆ ಭಾರವಿಲ್ಲ; ರಕ್ತಸಂಬಂಧವಿದ್ದವನ ಮೇಲೆ ಮಾತ್ರ ಇದೆ.

ಈ ಕಟ್ಟಳೆಯು ನಡೆದ ವಿಧವನ್ನು ರೂತಳ ಪುಸ್ತಕದಲ್ಲಿ ಕಾಣುತ್ತೇವೆ. ಬೇತ್ಲೆಹೇಮಿನ ಊರಬಾಗಲಲ್ಲಿ ಹತ್ತು ಮಂದಿ ಹಿರಿಯರು ಕೂತಿದ್ದಾರೆ. ನೊವೊಮಿಯ ಹೊಲವನ್ನು ಬಿಡಿಸುವದಕ್ಕೆ ಬೋವಜನಿಗಿಂತ ಸಮೀಪದ ಬಂಧುವೊಬ್ಬನು ಒಪ್ಪುತ್ತಾನೆ, ಹೊಲವೆಂದರೆ ಲಾಭವಷ್ಟೆ. ಆದರೆ ಹೊಲದ ಸಂಗಡ ಮೋವಾಬ್ಯಳಾದ ವಿಧವೆಯೂ ಬರುತ್ತಾಳೆಂದು ಕೇಳಿದ ಕೂಡಲೆ, ತನ್ನ ಸ್ವಂತ ಬಾಧ್ಯತೆಗೆ ನಷ್ಟವಾಗುವದೆಂದು ಹಿಂದೆಗೆದು ಕೆರವನ್ನು ಬಿಚ್ಚಿ ಕೊಡುತ್ತಾನೆ. ಆ ನಷ್ಟವನ್ನು ಬೋವಜನು ತನ್ನ ಮೇಲೆ ತೆಗೆದುಕೊಂಡನು. ಒಬ್ಬನು ಬಿಟ್ಟ ಆ ಅನ್ಯಜನಾಂಗದ ಹೆಂಗಸಿನ ಹೆಸರು ಮತ್ತಾಯನ ಸುವಾರ್ತೆಯ ಮೊದಲನೆಯ ಅಧ್ಯಾಯದಲ್ಲಿ ನಮ್ಮ ಕರ್ತನ ವಂಶಾವಳಿಯೊಳಗೆ ಬರೆಯಲ್ಪಟ್ಟಿದೆ. ಊರಿನ ಬಾವಿಯ ಬಳಿಗೂ ಬರಗೊಡದೆ ದೂರವಿಡಲ್ಪಟ್ಟವರ ಮಕ್ಕಳು ನಮ್ಮ ಸಭೆಗಳಲ್ಲಿ ಅನೇಕರಿದ್ದಾರೆ. ಅವರು ಈ ಹೆಸರನ್ನು ಓದುವಾಗ ತಮ್ಮ ಮನೆಯ ಹೆಸರನ್ನೇ ಓದಿದಂತೆ ಸಂತೋಷಪಡಲಿ.

ದೇವಕುಮಾರನು ಮನುಷ್ಯನಾಗಿ ಹುಟ್ಟಿದ ಕಾರಣವನ್ನು ಇದರಿಂದ ತಿಳಿಯುತ್ತೇವೆ. ಆತನು ಪರಲೋಕದಿಂದಲೇ ಒಂದು ಅಪ್ಪಣೆಯನ್ನು ಕಳುಹಿಸಿ ಸುಮ್ಮನಿರಲಿಲ್ಲ. ನಮ್ಮ ರಕ್ತಮಾಂಸಗಳಲ್ಲಿ ಪಾಲುಗಾರನಾಗಿ, ಹಸಿದು, ದಣಿದು, ಅತ್ತು, ನಮ್ಮನ್ನು ಸಹೋದರರೆಂದು ಕರೆಯುವದಕ್ಕೆ ನಾಚಿಕೊಳ್ಳದೆ, ನಮ್ಮ ಬಂಧುವಾದನು.

ಎರಡನೆಯದಾಗಿ, ಬಿಡಿಸುವವನು ತಾನೇ ಬೆಲೆ ತೆರಬೇಕು. ಗ್ರೀಸ್ ದೇಶದ ದೆಲ್ಫಿಯಲ್ಲಿ ಅಪೊಲೊ ದೇವತೆಯ ಗುಡಿಯ ಬಳಿಯ ಕಲ್ಲುಗೋಡೆಗಳ ಮೇಲೆ ದಾಸರ ಬಿಡುಗಡೆಯ ಶಾಸನಗಳು ನೂರಾರು ಸಿಕ್ಕಿವೆ. ಅವುಗಳಲ್ಲಿ ಹೆಚ್ಚಿನವು ಕ್ರಿಸ್ತನಿಗೆ ಮುಂಚಿನ ಎರಡು ಶತಮಾನಗಳವು. ಒಡೆಯನು ದಾಸನನ್ನು ದೇವತೆಗೆ ಕ್ರಯಕ್ಕೆ ಮಾರಿದನೆಂದು ಅವುಗಳಲ್ಲಿ ಬರೆದಿದೆ. ಆದರೆ ಆ ಕ್ರಯವು ದೇವತೆಯ ಬೊಕ್ಕಸದಿಂದ ಬಂದದ್ದಲ್ಲ. ದಾಸನು ತಾನೇ ದುಡಿದು ಕೂಡಿಸಿದ್ದು, ಇಲ್ಲವೆ ಮತ್ತೊಬ್ಬರಿಂದ ತಂದದ್ದು. ಹಣ ಕೊಟ್ಟ ಮೇಲೆಯೂ ಹಳೇ ಒಡೆಯನು ಸಾಯುವ ತನಕ ಅವನ ಬಳಿಯಲ್ಲೇ ಇದ್ದು ಕೆಲಸ ಮಾಡಬೇಕೆಂಬ ಕರಾರು ಅನೇಕ ಶಾಸನಗಳಲ್ಲಿ ಉಂಟು.

ಸುವಾರ್ತೆಯು ಹೇಳುವದು ಇದಕ್ಕೆ ಎಷ್ಟು ಬೇರೆಯಾಗಿದೆ! ಸಹೋದರನ ಪ್ರಾಣವನ್ನು ಬಿಡಿಸುವಷ್ಟು ಐಶ್ವರ್ಯವು ಯಾವ ಮನುಷ್ಯನ ಬಳಿಯಲ್ಲಿಯೂ ಇಲ್ಲವೆಂದು 49ನೆಯ ಕೀರ್ತನೆಯು ತಿಳಿಸುತ್ತದೆ. ನಾವಾದರೋ ಬರಿಗೈಯವರು. ನಮ್ಮ ಕರ್ತನು ತನ್ನ ಪ್ರಾಣವನ್ನೇ ಅನೇಕರಿಗೋಸ್ಕರ ಈಡಾಗಿ ಕೊಡುವದಕ್ಕೆ ಬಂದೆನೆಂದು ಮಾರ್ಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಹೇಳಿದನು. ಬೆಳ್ಳಿಬಂಗಾರದಿಂದಲ್ಲ, ಕ್ರಿಸ್ತನ ಅಮೂಲ್ಯವಾದ ರಕ್ತದಿಂದ ನಮಗೆ ಬಿಡುಗಡೆಯಾಯಿತೆಂದು ಪೇತ್ರನು ಬೋಧಿಸಿದನು.

ಹಾಗಾದರೆ ಈ ಬೆಲೆಯನ್ನು ಪಡೆದವನಾರು ಎಂದು ಕೆಲವರು ಕೇಳುವರು. ಇದು ಹಳೇ ಪ್ರಶ್ನೆ. ಸೈತಾನನಿಗೆ ಸಂದಿತೆಂದು ಮೂರನೆಯ ಶತಮಾನದಲ್ಲಿ ಒರಿಗೇನನು ಬರೆದನು. ಕಳ್ಳನಿಗೆ ಕ್ರಯ ಕೊಡುವದು ನ್ಯಾಯವೋ ಎಂಬ ಭಾವದಿಂದ ನಾಲ್ಕನೆಯ ಶತಮಾನದ ನಾಜಿಯಾಂಜದ ಗ್ರೆಗೋರಿಯು ಅದನ್ನು ತಳ್ಳಿಬಿಟ್ಟನು. ಮನುಷ್ಯನು ದೇವರಿಗೆ ಸಲ್ಲಿಸದೆ ಉಳಿಸಿಕೊಂಡ ಮಾನದ ಸಾಲವನ್ನು ಕ್ರಿಸ್ತನು ತೀರಿಸಿದನೆಂದು ಅನ್ಸೆಲ್ಮನು 1098ರಲ್ಲಿ ಮುಗಿಸಿದ ಗ್ರಂಥದಲ್ಲಿ ವಾದಿಸಿದನು. ಈಡಿನ ಮಾತನ್ನು ಹೇಳುವ ಮಾರ್ಕನ ವಚನದಲ್ಲಿ ಪಡೆದವನ ಹೆಸರಿಲ್ಲ, ಕೊಟ್ಟವನ ಹೆಸರುಂಟು. ಒತ್ತೆಯಿಂದ ಬಂದ ಓಲೆಯನ್ನು ಕೈಗೆ ತಕ್ಕೊಂಡ ಮನೆಯಾಕೆಯು ಸಾಹುಕಾರನ ಲೆಕ್ಕದ ಪುಸ್ತಕವನ್ನು ನೋಡಲು ಓಡುವದಿಲ್ಲ. ಬಿಡಿಸಿ ತಂದವನ ಮುಖವನ್ನು ನೋಡುತ್ತಾಳೆ. ನಾವೂ ಹಾಗೆಯೇ ಶಿಲುಬೆಯ ಕಡೆಗೆ ನೋಡೋಣ.

ಮೂರನೆಯದಾಗಿ, ಬಿಡುಗಡೆಯಾದವನು ಬಿಡಿಸಿದವನ ಮನೆಯವನಾಗಿ ನಡೆಯಬೇಕು. ನಮ್ಮ ದೇಶದಲ್ಲಿ ಜೀತಪದ್ಧತಿಯು 1976ರ ಕಾನೂನಿನಿಂದ ರದ್ದಾಯಿತು. ಜೀತದ ಸಾಲವೆಲ್ಲಾ ಅಳಿದುಹೋಯಿತೆಂದೂ, ಅದಕ್ಕಾಗಿ ಹಿಡಿದಿಟ್ಟ ಸ್ವತ್ತನ್ನು ಹಿಂದಕ್ಕೆ ಕೊಡಬೇಕೆಂದೂ ಆ ಕಾನೂನು ವಿಧಿಸಿತು. ಆದರೂ ಅದನ್ನು ಅರಿಯದೆ, ಅರಿತರೂ ಅಂಜಿ, ಬೆಳಗಾದರೆ ಹಳೇ ಧಣಿಯ ಬಾಗಲಿಗೆ ಹೋಗಿ ನಿಂತವರು ಉಂಟು. ದೀಕ್ಷಾಸ್ನಾನ ಹೊಂದಿದ ಮೇಲೆಯೂ ಕುಡಿತದ ಬಾಗಲಿಗೂ ಹಗೆತನದ ಬಾಗಲಿಗೂ ಹಿಂದಿರುಗಿ ಹೋಗುವವನು ಅವರಂತೆಯೇ ಇದ್ದಾನೆ. ಸಹೋದರನೇ, ಆ ಧಣಿಗೆ ನಿನ್ನ ಮೇಲೆ ಈಗ ಹಕ್ಕಿಲ್ಲ. ಯಾಕೆ ಹೋಗುತ್ತೀ?

ಇದಕ್ಕಿಂತ ಕಠಿಣವಾದ ಮಾತೊಂದುಂಟು. ಅದನ್ನು ಹೇಳದೆ ಬಿಡಲಾರೆವು. ನೆಹೆಮೀಯನ ಪುಸ್ತಕದ 5ನೆಯ ಅಧ್ಯಾಯವನ್ನು ಓದಿರಿ. ಸೆರೆಯಿಂದ ಹಿಂದಿರುಗಿದ ಯೆಹೂದ್ಯರಲ್ಲಿ ಬಡವರು ಬರಗಾಲದಲ್ಲಿ ಹೊಲಮನೆಗಳನ್ನು ಒತ್ತೆಯಿಟ್ಟು, ಕಡೆಗೆ ಮಕ್ಕಳನ್ನೂ ದಾಸತ್ವಕ್ಕೆ ಕೊಟ್ಟು ಕೂಗಿಕೊಂಡರು. ಅವರನ್ನು ಹಿಡಿದವರು ಅನ್ಯರಲ್ಲ, ಸ್ವಜನರೇ. ಅನ್ಯರಿಗೆ ಮಾರಲ್ಪಟ್ಟ ಸಹೋದರರನ್ನು ನಾವು ಕಷ್ಟಪಟ್ಟು ಬಿಡಿಸಿದೆವು, ನೀವು ಅವರನ್ನು ತಿರಿಗಿ ಮಾರುತ್ತೀರೋ ಎಂದು ನೆಹೆಮೀಯನು ಕೇಳಲು ಅವರು ಉತ್ತರವಿಲ್ಲದೆ ಸುಮ್ಮನಾದರು. ತಾನೂ ತನ್ನವರೂ ಹಣವನ್ನೂ ಧಾನ್ಯವನ್ನೂ ಸಾಲ ಕೊಟ್ಟಿದ್ದೇವೆಂದು ಅವನು ಮರೆಮಾಡದೆ ಒಪ್ಪಿಕೊಂಡನು. ಆ ದಿವಸವೇ ಹೊಲಗಳನ್ನೂ ಮನೆಗಳನ್ನೂ ಬಡ್ಡಿಯನ್ನೂ ಹಿಂದಕ್ಕೆ ಕೊಡಬೇಕೆಂದು ಬೇಡಿಕೊಂಡನು. ಅವರು ಒಪ್ಪಿ ಕೊಟ್ಟರು.

ನಮ್ಮ ಸಭೆಗಳಲ್ಲಿ ಹೇಗಿದೆ? ಆದಿತ್ಯವಾರ ಒಂದೇ ರೊಟ್ಟಿಯಲ್ಲಿ ಪಾಲು ತಕ್ಕೊಂಡವನ ಹೊಲದ ಪತ್ರವು ಸೋಮವಾರ ನಮ್ಮ ಪೆಟ್ಟಿಗೆಯಲ್ಲಿರುವದೋ? ಅಸಲಿಗೆ ಎರಡರಷ್ಟು ಬಡ್ಡಿಯನ್ನು ತೆತ್ತ ವಿಧವೆಯು ಇನ್ನೂ ನಮ್ಮ ಮನೆಯ ಜಗಲಿಯಲ್ಲಿ ತಲೆ ತಗ್ಗಿಸಿ ನಿಲ್ಲುವಳೋ? ತಂದೆಯ ಸಾಲಕ್ಕಾಗಿ ಶಾಲೆ ಬಿಟ್ಟು ನಮ್ಮ ದನ ಕಾಯುವ ಹುಡುಗನುಂಟೋ? ಈ ಪ್ರಶ್ನೆಗಳನ್ನು ಇತರರಿಗಿಂತ ಮೊದಲು ನಮಗೆ ನಾವೇ ಹಾಕಿಕೊಂಡೆವು. ಹಿಂದೊಂದು ಕೆಟ್ಟ ವರುಷದಲ್ಲಿ ಕೊಟ್ಟ ಕಾಳಿನ ಸಾಲವನ್ನು ನಾವೂ ಬಹು ದಿವಸ ನೆನಪಿನಲ್ಲಿಟ್ಟುಕೊಂಡು, ಕೊಂಡವನು ಎದುರಿಗೆ ಬಂದಾಗ ಅವನ ಮುಖವನ್ನು ನೋಡುವದಕ್ಕೆ ಮೊದಲು ಆ ಲೆಕ್ಕವನ್ನೇ ನೋಡುತ್ತಿದ್ದೆವೆಂದು ನಾಚಿಕೆಯಿಂದ ಅರಿಕೆಮಾಡುತ್ತೇವೆ. ನಮ್ಮ ಸಾಲವನ್ನು ಪ್ರಾಣ ಕೊಟ್ಟು ತೀರಿಸಿದವನ ಎದುರಿನಲ್ಲಿ ಆ ಲೆಕ್ಕವು ನಿಲ್ಲಲಾರದೆ ಹೋಯಿತು.

ಪ್ರಿಯರೇ, ಬರುವ ಕರ್ತನ ಭೋಜನಕ್ಕೆ ಮುಂಚೆ ಪ್ರತಿಯೊಬ್ಬನು ತನ್ನ ಪೆಟ್ಟಿಗೆಯನ್ನು ತೆರೆದು ನೋಡಲಿ. ಹಿಂದಕ್ಕೆ ಕೊಡತಕ್ಕದ್ದು ಇದ್ದರೆ ಕತ್ತಲಾಗುವ ಮೊದಲೇ ತಕ್ಕೊಂಡು ಹೋಗಿ ಕೊಡಲಿ. ಒತ್ತೆಯಿಂದ ಬಂದ ಓಲೆಯನ್ನು ಆ ತಾಯಿಯು ಕಿವಿಗೆ ಇಟ್ಟುಕೊಳ್ಳುವಾಗ, ಕ್ರಿಸ್ತನು ತನಗೋಸ್ಕರ ಮಾಡಿದ್ದನ್ನು ಅವಳು ಯಾವ ಪ್ರಸಂಗದಿಂದಲೂ ತಿಳಿಯದಷ್ಟು ಚೆನ್ನಾಗಿ ತಿಳಿಯುವಳು.

ನಮ್ಮ ಸಮೀಪಬಂಧುವಾದ ಕರ್ತನೇ, ನಷ್ಟಕ್ಕೆ ಹಿಂದೆಗೆಯದೆ ನಮ್ಮನ್ನು ಬಿಡಿಸಿದಿ. ಹಳೇ ಧಣಿಯ ಬಾಗಲಿಗೆ ನಾವು ತಿರಿಗಿ ಹೋಗದಂತೆಯೂ, ನಮ್ಮ ಬಾಗಲಲ್ಲಿ ಯಾರನ್ನೂ ಕಟ್ಟಿಹಾಕದಂತೆಯೂ ನಮ್ಮನ್ನು ಕಾಪಾಡು. ಆಮೆನ್.