ತಿಂದದ್ದು ಯಾರ ಊಟ?

ಡಿಸೆಂಬರ್ ಕೊನೆಯ ವಾರ ಮಡಿಕೇರಿಯಲ್ಲಿ ಮಧ್ಯಾಹ್ನದ ಊಟಕ್ಕೆ ಜಾಗ ಹಿಡಿಯುವುದು ಸುಲಭವಲ್ಲ. ಬೆಂಗಳೂರಿನಿಂದ ಹೋಗಿದ್ದ ನಾವು ಐದು ಜನ ಎರಡು ಹೋಟೆಲುಗಳ ಕ್ಯೂ ನೋಡಿ ವಾಪಸಾಗಿ, ಕೊನೆಗೆ ಇಳಿಜಾರಿನಲ್ಲಿದ್ದ ಒಂದು ಸಣ್ಣ ಮೆಸ್ಸಿನ ಬಾಗಿಲಿಗೆ ಬಂದಾಗ ಮೂರೂವರೆ ಗಂಟೆ. ಒಳಗೆ ಆರು ಮೇಜು. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಹೆಂಗಸು ನಮ್ಮನ್ನು ನೋಡಿದ ಕೂಡಲೇ ‘ಊಟ ಮುಗೀತು’ ಎಂದರು.

‘ಅಕ್ಕಾ, ಏನಿದ್ರೂ ನಡೆಯುತ್ತೆ. ಇಲ್ಲಿಯ ಊಟ ಮಾಡಬೇಕು ಅಂತಲೇ ಅಷ್ಟು ದೂರದಿಂದ ಬಂದಿದ್ದೀವಿ’ ಎಂದ ನನ್ನ ಗೆಳೆಯ. ಅವನ ದನಿಯಲ್ಲಿ ವಿನಯವಿತ್ತು. ಆದರೆ ಕಾಲು ಆಗಲೇ ಹೊಸಿಲು ದಾಟಿತ್ತು. ಆಕೆ ಅಡುಗೆಮನೆಯ ಕಡೆ ಒಮ್ಮೆ ತಿರುಗಿ ನೋಡಿ, ‘ಸರಿ, ಕೂತ್ಕೊಳ್ಳಿ’ ಎಂದರು.

ಕಡಂಬುಟ್ಟು ಬಂತು, ಪಂದಿಕರಿ ಬಂತು. ಮಾಂಸ ತಿನ್ನದ ಒಬ್ಬನಿಗೆ ಅನ್ನ, ತಿಳಿಸಾರು. ಬೆಳಿಗ್ಗೆ ಬೇರೊಂದು ಕಡೆ ತಿಂದ ಪಂದಿಕರಿ ಎಣ್ಣೆಯಲ್ಲಿ ಮಿಂಚುತ್ತಿತ್ತು, ಖಾರ ನೆತ್ತಿಗೇರುತ್ತಿತ್ತು. ಇದು ಹಾಗಿರಲಿಲ್ಲ. ಖಾರ ಕಡಿಮೆ, ಬಣ್ಣ ಹೆಚ್ಚು ಕಪ್ಪು, ಕಾಚಂಪುಳಿ ಧಾರಾಳ. ಮಳೆಗಾಲದಲ್ಲಿ ಬರುವ ಹಣ್ಣಿನ ಸಿಪ್ಪೆಯಿಂದ ಸೋರುವ ರಸವನ್ನು ಕುದಿಸಿ ಕುದಿಸಿ ಗಟ್ಟಿ ಮಾಡಿಟ್ಟುಕೊಳ್ಳುವ ಹುಳಿ ಅದು. ಒಂದು ಬಾಟಲಿಯ ಹಿಂದೆ ಎಷ್ಟು ಹಣ್ಣು, ಎಷ್ಟು ಸೌದೆ, ಎಷ್ಟು ಹೊತ್ತಿನ ಕಾವಲು ಎಂದು ಮಾಡಿದವರಿಗೇ ಗೊತ್ತು. ‘ಇದು ನೋಡಪ್ಪ ನಿಜವಾದ ಕೊಡಗಿನ ಊಟ’ ಎಂದು ನಾವು ಒಬ್ಬರಿಗೊಬ್ಬರು ಹೇಳಿಕೊಂಡೆವು.

ಕೈ ತೊಳೆಯಲು ಹಿಂದಕ್ಕೆ ಹೋದೆ. ಅಡುಗೆಮನೆಯ ಬಾಗಿಲಲ್ಲಿ ನಾಲ್ಕು ತಟ್ಟೆಗಳನ್ನು ಜೋಡಿಸಿಟ್ಟಿದ್ದರು. ಒಳಗೆ ಅಡುಗೆಯ ಹೆಂಗಸು ರವೆ ಹುರಿಯುತ್ತಿದ್ದರು. ನಮಗೆ ಬಡಿಸಿದ ಹುಡುಗರಿಬ್ಬರು ಬನ್ನನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದರು. ‘ನಿಮ್ಮ ಊಟ ಆಗಿಲ್ವಾ?’ ಎಂದು ಕೇಳಿದೆ. ‘ಉಪ್ಪಿಟ್ಟು ಆಗ್ತಾ ಉಂಟು’ ಎಂದ ಒಬ್ಬ. ದನಿಯಲ್ಲಿ ದೂರೇನೂ ಇರಲಿಲ್ಲ.

ಬಿಲ್ಲಿನ ಜೊತೆ ಇನ್ನೂರು ರೂಪಾಯಿ ಹೆಚ್ಚಿಗೆ ಇಟ್ಟೆ. ಆಕೆ ಅದನ್ನು ಎತ್ತಿ ನನ್ನ ಕೈಗೇ ಕೊಟ್ಟರು. ‘ಬಿಲ್ಲು ಇಷ್ಟೇ.’

ಕಾರಿನಲ್ಲಿ ವಿಷಯ ಹೇಳಿದಾಗ ಗೆಳೆಯ ನಕ್ಕ. ಅವನ ವಾದ ಸರಳ. ಆಕೆಯದು ಹೋಟೆಲು, ನಾವು ಗಿರಾಕಿಗಳು. ಬೇಡವೆನ್ನಬಹುದಿತ್ತು, ಒಪ್ಪಿದರು. ಹಣ ಕೊಟ್ಟೆವು. ಇದರಲ್ಲಿ ತಪ್ಪು ಎಲ್ಲಿಂದ ಬಂತು? ಬ್ರೆಡ್ಡು ಮಾಡುವವನಾಗಲಿ ಮಾಂಸ ಮಾರುವವನಾಗಲಿ ನಮ್ಮ ಮೇಲಿನ ಕರುಣೆಗಲ್ಲ, ತಮ್ಮ ಲಾಭಕ್ಕಾಗಿ ನಮಗೆ ಊಟ ಒದಗಿಸುತ್ತಾರೆ ಎಂದು ಆಡಂ ಸ್ಮಿತ್ 1776ರಲ್ಲೇ ಬರೆದಿದ್ದಾನಲ್ಲ, ಎಂದ. ಅರ್ಥಶಾಸ್ತ್ರ ಓದಿದ ಗೆಳೆಯರ ಜೊತೆ ಪ್ರವಾಸ ಹೋದರೆ ಹೀಗೆಯೇ.

ಅವನ ಮಾತು ಸುಳ್ಳಲ್ಲ. ಆದರೆ ಆಕೆ ಬೇಡವೆಂದು ಹೇಳಿದ್ದರು, ಮೊದಲ ಮಾತೇ ಅದು. ನಾವು ದೂರದಿಂದ ಬಂದ ಕತೆ ಹೇಳಿ ಅದನ್ನು ಬದಲಾಯಿಸಿದೆವು. ಕಾಂಟ್ 1795ರ ತನ್ನ ಶಾಂತಿಯ ಕುರಿತ ಪ್ರಬಂಧದಲ್ಲಿ ಪರಸ್ಥಳದವನಿಗೆ ಇರುವುದು ಬಂದುಹೋಗುವ ಹಕ್ಕು ಮಾತ್ರ, ಅತಿಥಿಯಾಗುವ ಹಕ್ಕಲ್ಲ ಎಂದು ಬೇರ್ಪಡಿಸುತ್ತಾನೆ. ಅವನ ಮನಸ್ಸಿನಲ್ಲಿದ್ದದ್ದು ದೇಶ ದೇಶಗಳ ಗಡಿ, ಮೆಸ್ಸಿನ ಹೊಸಿಲಲ್ಲ. ಆದರೂ ಆ ಮಧ್ಯಾಹ್ನ ನಾವು ಒಂದರ ಚೀಟಿ ಹಿಡಿದು ಇನ್ನೊಂದನ್ನು ಪಡೆದೆವು ಅನ್ನಿಸುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು. ಆಕೆ ದೊಡ್ಡ ಮನಸ್ಸಿನವರು ಎಂದು ಎಷ್ಟೋ ದಿನ ಅಂದುಕೊಂಡಿದ್ದೆ. ಆಮೇಲೆ ಮಹಾಭಾರತದ ಮುಂಗುಸಿಯ ಕತೆ ನೆನಪಾಯಿತು. ಧರ್ಮರಾಯನ ಅಶ್ವಮೇಧ ಮುಗಿದಾಗ ಅರ್ಧ ಮೈ ಚಿನ್ನವಾದ ಮುಂಗುಸಿಯೊಂದು ಬಂದು, ಈ ಯಾಗ ಆ ಬಡ ಬ್ರಾಹ್ಮಣನ ಹಿಟ್ಟಿಗೆ ಸಮವಲ್ಲ ಎನ್ನುತ್ತದೆ. ಹಸಿದ ಅತಿಥಿಗೆ ಬ್ರಾಹ್ಮಣ ಮೊದಲು ಕೊಡುವುದು ತನ್ನ ಪಾಲು. ಅದು ಸಾಲದಾದಾಗ ಹೆಂಡತಿ ತನ್ನದನ್ನು ತಾನೇ ಮುಂದಿಡುತ್ತಾಳೆ, ಅವನು ತೆಗೆದುಕೊಳ್ಳಲು ಹಿಂಜರಿಯುತ್ತಾನೆ. ಮಗನದಕ್ಕೂ ಸೊಸೆಯದಕ್ಕೂ ಅದೇ ಹಿಂಜರಿಕೆ. ಕತೆ ಹೇಳುವವರು ಈ ಹಿಂಜರಿಕೆಯನ್ನು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಅದೇ. ಮನೆಯ ಯಜಮಾನನಾದರೂ ಇನ್ನೊಬ್ಬರ ತುತ್ತನ್ನು ತಾನು ದಾನ ಕೊಡುವಂತಿಲ್ಲ.

ಅಡುಗೆಮನೆಯ ಕಡೆ ಆಕೆ ತಿರುಗಿ ನೋಡಿದ್ದು ಅಂಥ ಹಿಂಜರಿಕೆಯೇ ಇರಬಹುದು. ಜೋಡಿಸಿಟ್ಟ ನಾಲ್ಕು ತಟ್ಟೆಗಳಲ್ಲಿ ಒಂದು ಆಕೆಯದೂ ಇರಬಹುದು. ಹುಡುಗರು ತಲೆಯಾಡಿಸಿರಲೂಬಹುದು. ಆದರೆ ಸಂಬಳ ಕೊಡುವವರು ನೋಡಿದಾಗ ಯಾವ ಹುಡುಗ ತಲೆಯಾಡಿಸುವುದಿಲ್ಲ? ನಾನು ಇನ್ನೂರು ರೂಪಾಯಿ ಇಟ್ಟದ್ದೂ ಗಲ್ಲಾದ ಮುಂದೆ. ಅದು ಸೇರಬೇಕಿದ್ದದ್ದು ಹಿಂದುಗಡೆ, ಬನ್ನು ತಿನ್ನುತ್ತಿದ್ದವರಿಗೆ. ಅಲ್ಲಿಗೆ ಮತ್ತೆ ಹೋಗಲು ನಾಚಿಕೆಯಾಯಿತು.

ನಾವು ‘ನಿಜವಾದ ಊಟ’ ಎಂದು ಹೊಗಳಿದ್ದು ಯಾವುದನ್ನು? ಗಿರಾಕಿಗಳಿಗೆಂದು ಮಾಡದೇ ಇದ್ದದ್ದನ್ನು. ಅವರು ತಮಗಾಗಿ ಮಾಡಿಕೊಂಡಿದ್ದರಿಂದಲೇ ಅದಕ್ಕೆ ಆ ರುಚಿ. ಬೆಟ್ಟದ ಊರುಗಳಿಗೆ ಹೋಗುವ ನಮ್ಮಂಥವರ ಬಾಯಿಚಪಲವೇ ಹಾಗೆ. ಪ್ರವಾಸಿಗರಿಗೆ ಬಡಿಸುವುದು ಬೇಡ, ಊರಿನವರು ತಿನ್ನುವುದು ಬೇಕು. ಕೊಡಗಿನವರು ಕಕ್ಕಡ ಹದಿನೆಂಟರಂದು, ಅಂದರೆ ಆಗಸ್ಟ್ ಮೊದಲ ವಾರದಲ್ಲಿ, ಮದ್ದುಸೊಪ್ಪಿನ ರಸದಿಂದ ನೇರಳೆ ಬಣ್ಣದ ಪಾಯಸ ಮಾಡುತ್ತಾರೆ. ಅಂದು ಆ ಸೊಪ್ಪಿನಲ್ಲಿ ಹದಿನೆಂಟು ಔಷಧಿ ಸೇರುತ್ತದೆಂಬುದು ನಂಬಿಕೆ. ನಮ್ಮ ಗುಂಪಿನವನೊಬ್ಬ ಅದನ್ನೂ ಡಿಸೆಂಬರಿನಲ್ಲಿ ಕೇಳಿದ್ದ. ಇಲ್ಲ ಎಂದಾಗ ಮುಖ ಸಣ್ಣದು ಮಾಡಿಕೊಂಡ.

ಹಾಗೆಂದು ಹೋಗದೇ ಇರುವುದು ದಾರಿಯಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು, ಮಂಗಳೂರಿನ ರಸ್ತೆ ಮುರಿದು, ಪ್ರವಾಸಿಗರೇ ಇಲ್ಲವಾದಾಗ ಇಂಥ ಮೆಸ್ಸುಗಳ ಒಲೆಯೂ ತಣ್ಣಗಾಗಿತ್ತು. ನಮ್ಮ ಹಣ ಆ ಊರಿಗೆ ಬೇಕು. ಬೇಕು ಎನ್ನುವುದರಿಂದಲೇ ಇಲ್ಲ ಎನ್ನುವುದು ಅವರಿಗೆ ಅಷ್ಟು ಕಷ್ಟ.

ಹೋದ ವರ್ಷ ಮತ್ತೆ ಆ ಕಡೆ ಹೋಗಿದ್ದೆ, ಒಬ್ಬನೇ. ಬೇರೊಂದು ಹೋಟೆಲು, ಅದೇ ಹೊತ್ತುಮೀರಿದ ಹೊತ್ತು. ‘ಊಟ ಇದೆ ಸಾರ್, ಬನ್ನಿ’ ಎಂದ ಮೇಜು ಒರೆಸುತ್ತಿದ್ದ ಹುಡುಗ. ‘ನಿಂದಾಯ್ತಾ?’ ಎಂದೆ. ಇಂಥ ಪ್ರಶ್ನೆ ಅವನು ನಿರೀಕ್ಷಿಸಿರಲಿಲ್ಲ. ಗಲ್ಲಾದ ಕಡೆ ಒಮ್ಮೆ ನೋಡಿ, ನಕ್ಕು, ‘ಆಯ್ತು ಸಾರ್’ ಎಂದು ಎಲೆ ಹಾಕಿದ.